ಮೈಸೂರಿನ ನಗರಾಡಳಿತ

ನೀರು, ಚರಂಡಿ, ರಸ್ತೆ, ದೀಪ, ಮಾರುಕಟ್ಟೆ, ನೈರ್ಮಲ್ಯ ಮೊದಲಾದ ಪೌರಸೌಕರ್ಯಗಳನ್ನು ನೋಡಿಕೊಂಡು, ಅವುಗಳ ವೆಚ್ಚಕ್ಕೆ ಬೇಕಾದ ಕಂದಾಯವನ್ನು ಎತ್ತುವ ಮೈಸೂರಿನ ಸ್ಥಳೀಯ ಸಂಸ್ಥೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪುರಸಭೆಯಾಗಿ ಆರಂಭವಾಗಿ, 1977ರಲ್ಲಿ ಮಹಾನಗರಪಾಲಿಕೆಯಾಗಿ ಪರಿಣಮಿಸಿತು. ಆದರೆ ಈ ನಗರದ ಸೌಕರ್ಯಗಳ ಚರಿತ್ರೆ ಬೇರೆ, ಅದರ ಪುರಸಭೆಯ ಚರಿತ್ರೆ ಬೇರೆ. ಕಟ್ಟಿದ ಕೈಯೊಂದು, ಕಾಯುವ ಕೈ ಇನ್ನೊಂದು ಎಂಬ ಸ್ಥಿತಿ ಇಲ್ಲಿ ಮೊದಲಿನಿಂದಲೂ ಇದ್ದುದೇ.

1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡು ರಾಜಧಾನಿಯು ಮೈಸೂರಿಗೆ ಮರಳಿದಾಗ, ಹೊಳೆಯ ದಡವನ್ನು ಬಿಟ್ಟು ದಿಣ್ಣೆಗೆ ಬಂದ ಜನಕ್ಕೆ ಕೆರೆಬಾವಿಗಳ ನೀರೇ ಗತಿಯಾಯಿತು. ದಿವಾನ್ ಪೂರ್ಣಯ್ಯನವರು ಕಾವೇರಿಯನ್ನು ಊರಿಗೆ ತರಲೆಂದು ತೋಡಿಸಿದ ಕಾಲುವೆಯು ಕೊನೆಮುಟ್ಟದೆ, ಹೊಳೆಯ ನೀರಿಗೆ ಬದಲಾಗಿ ಊರ ಕೊಳೆಯನ್ನು ಹೊರುವ ಪೂರ್ಣಯ್ಯ ನಾಲೆಯಾಗಿ ಉಳಿದು, ಕಡೆಗೆ ಮುಚ್ಚಲ್ಪಟ್ಟು, ಅದರ ಮೇಲೆಯೇ ಇಂದಿನ ಸಯ್ಯಾಜಿರಾವ್ ರಸ್ತೆ ಹಾಯ್ದುಹೋಯಿತು. ಜಂಬೂಸವಾರಿ ಸಾಗುವ ರಾಜಮಾರ್ಗದ ಅಡಿಯಲ್ಲಿ ಒಂದು ವಿಫಲ ನೀರಿನ ಯೋಜನೆ ಮಲಗಿದೆಯೆಂಬುದನ್ನು ಮೆರವಣಿಗೆ ನೋಡಲು ನೆರೆದವರು ನೆನೆಯುವುದು ಅಪರೂಪ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕುಕ್ಕರಹಳ್ಳಿ ಕೆರೆಯನ್ನು ಕಟ್ಟಿಸಿದರು. ಬೆಳಗೊಳದಿಂದ ಕೊಳವೆಗಳ ಮೂಲಕ ಕಾವೇರಿಯ ನೀರು ಹರಿದುಬಂದುದು 1896ರಲ್ಲಿ. ಇವೆಲ್ಲ ಅರಸರ ಮತ್ತು ದಿವಾನರ ಕಾರ್ಯಗಳು. ಪುರಸಭೆಯ ಪಾತ್ರ ಇವುಗಳಲ್ಲಿ ಗೌಣ.

ನಗರದ ರೂಪವನ್ನು ನಿಜವಾಗಿ ಬದಲಿಸಿದುದು ಒಂದು ವಿಪತ್ತು. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು, ಗಾಳಿಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳಲ್ಲಿ ಮನೆಮನೆಯನ್ನೂ ಹೊಕ್ಕು, ಜನರನ್ನು ಊರ ಹೊರಗಿನ ಗುಡಿಸಲುಗಳಿಗೆ ಅಟ್ಟಿತು; 1891ರಲ್ಲಿ ಸುಮಾರು 74 ಸಾವಿರವಿದ್ದ ಜನಸಂಖ್ಯೆಯು 1901ರ ಗಣತಿಯ ವೇಳೆಗೆ 68 ಸಾವಿರಕ್ಕೆ ಇಳಿದಿತ್ತೆಂದರೆ ಆ ಭೀತಿಯ ಪ್ರಮಾಣವನ್ನು ಊಹಿಸಬಹುದು. ಹಳೆಯ ಊರನ್ನು ಸಡಿಲಿಸಿ ಹೊಸ ಬಡಾವಣೆಗಳನ್ನು ರಚಿಸುವ ಹೊಣೆಯನ್ನು ಸರ್ಕಾರವು ಪುರಸಭೆಗೆ ಒಪ್ಪಿಸದೆ, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯೆಂಬ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿತು. ಭಾರತದಲ್ಲಿ ಇಂತಹ ಮಂಡಳಿಗಳ ಪೈಕಿ ಇದು ಅತ್ಯಂತ ಪ್ರಾಚೀನವಾದವುಗಳಲ್ಲೊಂದು. ನೇರವಾದ ಅಗಲ ರಸ್ತೆಗಳು, ಮನೆಗಳ ಹಿಂಬದಿಯಲ್ಲಿ ಜಾಡಮಾಲಿಗಳ ಓಡಾಟಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ಇವು ಆ ಕಾಲದ ಯೋಜನಾಕ್ರಮದ ಗುರುತುಗಳು. ಎರಡನೆಯದರಲ್ಲಿ ನೈರ್ಮಲ್ಯದ ಜೊತೆಗೆ ಜಾತಿಯೂ ನಕ್ಷೆಗೆ ಇಳಿದಿದೆಯೆಂಬುದನ್ನು ಮರೆಮಾಚಬೇಕಾದುದಿಲ್ಲ. ಮರುವರ್ಷ, 1904ರಲ್ಲಿ, ಒಳಚರಂಡಿ ವ್ಯವಸ್ಥೆ ಆರಂಭವಾಯಿತು. ನೆಲದ ಇಳಿಜಾರನ್ನನುಸರಿಸಿ ಕೆಸರೆ, ಮಳಲವಾಡಿ, ದಳವಾಯಿ, ಬೆಳವತ್ತ ಎಂಬ ನಾಲ್ಕು ಕಣಿವೆಗಳತ್ತ ಕೊಳಚೆ ತಾನಾಗಿ ಹರಿಯುವುದು ಇಂದಿಗೂ ಈ ವ್ಯವಸ್ಥೆಯ ಆಧಾರ. ವಿದ್ಯುತ್ತು 1908ರಲ್ಲಿ ಬಂದಿತು.

ಹೀಗೆ ಬೊಕ್ಕಸವು ಕಟ್ಟಿದುದನ್ನು ಗುಡಿಸಿ, ಬೆಳಗಿಸಿ, ದುರಸ್ತಿಮಾಡುವ ಕಾರ್ಯ ಪುರಸಭೆಯದಾಯಿತು. ಅದಕ್ಕೆ ಆಧಾರ ಮನೆಗಂದಾಯ, ನೀರಿನ ಕರ, ಮಳಿಗೆಗಳ ಬಾಡಿಗೆ, ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಸುಂಕ. ಇವುಗಳಲ್ಲಿ ಆಕ್ಟ್ರಾಯ್ ದಿನದಿನವೂ ನಗದನ್ನು ತರುವ ಆದಾಯವಾಗಿತ್ತು. ಗಾಡಿಗಳನ್ನು ನಾಕೆಯಲ್ಲಿ ನಿಲ್ಲಿಸಿ ವಸೂಲು ಮಾಡುವ ಈ ಸುಂಕ ವರ್ತಕರಿಗೆ ಕಂಟಕವಾಗಿದ್ದುದೂ ನಿಜವೇ. 1979ರಲ್ಲಿ ರಾಜ್ಯಸರ್ಕಾರವು ಅದನ್ನು ರದ್ದುಪಡಿಸಿ ಪರಿಹಾರಧನದ ವ್ಯವಸ್ಥೆ ಮಾಡಿದಾಗ, ವ್ಯಾಪಾರಕ್ಕೆ ಅನುಕೂಲವಾದಷ್ಟೇ ಪೌರಸಂಸ್ಥೆಗಳ ಸ್ವಾತಂತ್ರ್ಯಕ್ಕೆ ಹಾನಿಯಾಯಿತು: ತಾನು ಎತ್ತುತ್ತಿದ್ದ ಹಣಕ್ಕೆ ಪಾಲಿಕೆಯು ಬೆಂಗಳೂರಿನತ್ತ ಕೈಚಾಚಬೇಕಾಯಿತು. 2005ರ ಬಳಿಕ ಕೇಂದ್ರದ ನಗರ ನವೀಕರಣ ಯೋಜನೆಯಿಂದಲೂ ಹಣ ಹರಿದುಬಂದಿತು. 2011-12ರಲ್ಲಿ ಪಾಲಿಕೆಯ ಆಯವ್ಯಯವು ಸುಮಾರು 427 ಕೋಟಿ ರೂಪಾಯಿ.

ಸಂವಿಧಾನದ 74ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು ಪೌರಸಂಸ್ಥೆಗಳಿಗೆ ಸ್ಥಾನಮಾನವನ್ನು ಕೊಟ್ಟರೂ, ಚುನಾಯಿತ ಸದಸ್ಯರ ಸಭೆಯ ಪಕ್ಕದಲ್ಲಿ ಕಾರ್ಯಾಧಿಕಾರವುಳ್ಳ ಆಯುಕ್ತರನ್ನು ನೇಮಿಸುವುದು ಇಂದಿಗೂ ರಾಜ್ಯವೇ. ವಿಶ್ವಸ್ತ ಮಂಡಳಿಯ ಸ್ಥಾನಕ್ಕೆ 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರವು ಬಂದಿತಾದರೂ ಹಳೆಯ ವಿಭಜನೆ ಮುಂದುವರಿಯಿತು: ಪ್ರಾಧಿಕಾರವು ನಿವೇಶನಗಳನ್ನು ಹಂಚಿ ಬಡಾವಣೆಯನ್ನು ಪಾಲಿಕೆಗೆ ಹಸ್ತಾಂತರಿಸಬೇಕು, ಹಸ್ತಾಂತರ ತಡವಾದರೆ ಕಸ, ನೀರು, ಬೀದಿದೀಪಗಳ ದೂರನ್ನು ಎರಡು ಕಚೇರಿಗಳ ನಡುವೆ ಹೊತ್ತು ತಿರುಗುವುದು ನಿವಾಸಿಯ ಪಾಡು.

ಕೇಂದ್ರಸರ್ಕಾರದ ಸ್ವಚ್ಛತಾ ಶ್ರೇಯಾಂಕಗಳಲ್ಲಿ 2015 ಮತ್ತು 2016ರಲ್ಲಿ ಮೈಸೂರಿಗೆ ಪ್ರಥಮ ಸ್ಥಾನ ದೊರೆತುದಕ್ಕೆ, ಪೌರಕಾರ್ಮಿಕರ ಮುಂಜಾವಿನ ದುಡಿಮೆಯೇ ಮುಖ್ಯ ಕಾರಣವೆನ್ನಬೇಕು. ಅರಸರ ಕಾಲದ ಕಟ್ಟಡಗಳ ವಿಷಯದಲ್ಲಿ ಮಾತ್ರ ಇಂತಹ ಹೆಗ್ಗಳಿಕೆ ಇಲ್ಲ. ಪಾಲಿಕೆಯು ಮಳಿಗೆಗಳಿಂದ ಬಾಡಿಗೆ ಪಡೆಯುತ್ತಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗವೊಂದು 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಮೃತಪಟ್ಟರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಉರುಳಿತು. ಅವನ್ನು ಕೆಡವಿ ಕಟ್ಟಬೇಕೋ ದುರಸ್ತಿಮಾಡಿ ಉಳಿಸಬೇಕೋ ಎಂಬ ವ್ಯಾಜ್ಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು.