ಸೂಕ್ಷ್ಮಜೀವಿ ವಿಜ್ಞಾನ: ಮುಂಬಯಿ ಮತ್ತು ಬಾಂದ್ರಾದಲ್ಲಿ ಆರಂಭದ ಇತಿಹಾಸ

ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯ, ವೈರಸ್, ಶಿಲೀಂಧ್ರ ಮುಂತಾದ ಜೀವಿಗಳ ಅಧ್ಯಯನವೇ ಸೂಕ್ಷ್ಮಜೀವಿ ವಿಜ್ಞಾನ. 1670ರ ದಶಕದಲ್ಲಿ ಲೇವನ್‌ಹುಕ್ ಮಸೂರದಡಿ ಇವುಗಳಲ್ಲಿ ಕೆಲವನ್ನು ಕಂಡ. ರೋಗಕ್ಕೂ ಇವಕ್ಕೂ ಇರುವ ನಂಟನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚರ್ ಮತ್ತು ಕಾಖ್ ಸ್ಥಾಪಿಸಿದರು. ಮುಂಬಯಿಯಲ್ಲಿ ಈ ವಿಜ್ಞಾನ ಬೇರೂರಿದ್ದು 1896ರ ಪ್ಲೇಗಿನಿಂದ.

ರೋಗಾಣು ಯಾರದು?
1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಿತಾಸಾತೊ ಮತ್ತು ಯೆರ್ಸಿನ್ ಕೆಲವೇ ದಿನಗಳ ಅಂತರದಲ್ಲಿ ಪ್ಲೇಗಿನ ಬ್ಯಾಕ್ಟೀರಿಯವನ್ನು ವರದಿ ಮಾಡಿದರು. ಮೊದಲು ಪ್ರಕಟಿಸಿದವನು ಕಿತಾಸಾತೊ. ಆದರೆ ಅವನ ವಿವರಣೆಯಲ್ಲಿ ಗೊಂದಲವಿತ್ತು. ಯೆರ್ಸಿನ್‌ನ ವಿವರಣೆ ಖಚಿತವಾಗಿದ್ದುದರಿಂದ ಇಂದಿನ ಹೆಸರು ‘ಯೆರ್ಸಿನಿಯ ಪೆಸ್ಟಿಸ್’. ಮುಂಬಯಿಯಲ್ಲಿ 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ರೋಗಿಗಳಲ್ಲಿ ಪ್ಲೇಗನ್ನು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೆಗಾಸ್.

ಹಾಫ್ಕಿನ್ ಲಸಿಕೆ
ಒಡೆಸ್ಸಾದಲ್ಲಿ ಹುಟ್ಟಿದ ವಿಜ್ಞಾನಿ ವಾಲ್ಡೆಮರ್ ಹಾಫ್ಕಿನ್ ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದು ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ ಮತ್ತು ಕಾರಿಡಾರಿನಲ್ಲಿ ಕೆಲಸ ಆರಂಭಿಸಿದ. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ, ಹನಿಗೆ ಅಂಟಿಕೊಂಡ ಬ್ಯಾಕ್ಟೀರಿಯ ಎಳೆಎಳೆಯಾಗಿ ಕೆಳಕ್ಕೆ ಬೆಳೆಯುತ್ತಿತ್ತು. ಸೀಸೆಯನ್ನು ಅಲುಗಿಸಿ ಎಳೆಗಳನ್ನು ಬೀಳಿಸಿದರೆ ಮತ್ತೆ ಹೊಸ ಬೆಳೆ. ವಾರಗಳ ಬಳಿಕ ಇದನ್ನು ಕಾಯಿಸಿ ಕೊಂದು ಲಸಿಕೆ ಮಾಡಲಾಗುತ್ತಿತ್ತು. 1897ರ ಜನವರಿ 10ರಂದು ಅವನು ಮೊದಲು ಚುಚ್ಚಿಸಿಕೊಂಡದ್ದು ತನಗೇ. ಅದೇ ತಿಂಗಳು ಬೈಕಲಾ ಸೆರೆಮನೆಯಲ್ಲಿ ಪ್ರಯೋಗ ನಡೆಯಿತು. ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂತು, ಯಾರೂ ಸಾಯಲಿಲ್ಲ.

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ 1898ರಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿ ಊರಿನ ಬಹುಪಾಲು ಜನರಿಗೆ ಈ ಲಸಿಕೆ ಹಾಕಿಸಿದ. ಲಸಿಕೆಯ ಅಂಕಿಅಂಶಗಳು ನಿಖರವಲ್ಲವೆಂದು ಫ್ರೇಸರ್ ನೇತೃತ್ವದ ಪ್ಲೇಗು ಆಯೋಗ ಆಕ್ಷೇಪಿಸಿತು. ಲಸಿಕೆಯಿಂದ ರಕ್ಷಣೆ ಉಂಟೆಂಬುದನ್ನು ಮಾತ್ರ ಒಪ್ಪಿತು. 1899ರಲ್ಲಿ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಹೋಯಿತು.

ಮುಲ್ಕೋವಾಲ್ ವಿವಾದ
1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲಿನಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಪರೇಲಿನಲ್ಲೇ ಲಸಿಕೆ ಕೆಟ್ಟಿತ್ತೆಂದು ಮೊದಲ ವಿಚಾರಣೆ ಹೇಳಿತು. ಹಾಫ್ಕಿನ್ ಹುದ್ದೆ ಕಳೆದುಕೊಂಡ. ಆದರೆ ಸೀಸೆ ತೆರೆದಾಗ ಕೆಟ್ಟ ವಾಸನೆ ಇರಲಿಲ್ಲ; ತೆರೆಯುವ ಚಿಮುಟ ನೆಲಕ್ಕೆ ಬಿದ್ದಿತ್ತು. ಅಂದರೆ ಲಸಿಕೆ ಕೆಟ್ಟದ್ದು ಪರೇಲಿನಲ್ಲಲ್ಲ, ಮುಲ್ಕೋವಾಲಿನಲ್ಲೇ ಎಂಬ ವಾದ ಎದ್ದಿತು. ರೊನಾಲ್ಡ್ ರಾಸ್ ಮುಂತಾದವರು ಅವನ ಪರ ನಿಂತರು. 1907ರಲ್ಲಿ ಆರೋಪ ಬಿದ್ದುಹೋಯಿತು. ಐದು ವರ್ಷ ಒಬ್ಬ ನಿರಪರಾಧಿ ಹೊತ್ತ ಈ ಕಳಂಕವನ್ನು ಇತಿಹಾಸ ಬರೆಯುವವರು ಮರೆಮಾಚಬಾರದು.

ಇಲಿ ಮತ್ತು ಚಿಗಟ
ಇಲಿಯಿಂದ ಮನುಷ್ಯನಿಗೆ ಪ್ಲೇಗನ್ನು ಚಿಗಟ ದಾಟಿಸುತ್ತದೆಂದು ಪಾಲ್ ಲೂಯಿ ಸೀಮೊಂ 1898ರಲ್ಲಿ ಕರಾಚಿಯ ಪ್ರಯೋಗದಿಂದ ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. ಮುಂಬಯಿಯಲ್ಲಿ ಗ್ಲೆನ್ ಲಿಸ್ಟನ್ ಈ ಜಾಡನ್ನು ಮತ್ತೆ ಹಿಡಿದ. 1905ರಿಂದ ಪರೇಲಿನಲ್ಲಿ ಪ್ಲೇಗು ಸಂಶೋಧನಾ ಆಯೋಗ ಗಿನಿಯಿಲಿಗಳನ್ನು ಪಂಜರದಲ್ಲಿಟ್ಟು ಪರೀಕ್ಷಿಸಿತು. ಚಿಗಟ ತಲುಪಬಲ್ಲ ಪಂಜರದ ಪ್ರಾಣಿಗಳು ಸತ್ತವು, ತಲುಪದವು ಉಳಿದವು. ಸೀಮೊಂ ಹೇಳಿದ್ದು ನಿಜವಾಯಿತು.

ಬಾಂದ್ರಾ
ಆಗ ಬಾಂದ್ರಾ ಮುಂಬಯಿಯ ಹೊರಗೆ, ಠಾಣೆ ಜಿಲ್ಲೆಯಲ್ಲಿದ್ದ ಬೇರೆಯೇ ಪುರಸಭೆ. ಅಲ್ಲಿಯ ‘ಈಸ್ಟ್ ಇಂಡಿಯನ್’ ಎಂಬ ಸ್ಥಳೀಯ ಸಮುದಾಯದ ಕ್ಯಾಥೊಲಿಕರು ಪ್ಲೇಗಿನಿಂದ ರಕ್ಷಣೆಗಾಗಿ ಹರಕೆ ಹೊತ್ತು ಬೀದಿಬದಿ ಶಿಲುಬೆಗಳನ್ನು ನೆಟ್ಟರು. ಇಂದು ‘ಪ್ಲೇಗು ಶಿಲುಬೆ’ ಎಂದು ಕರೆಯುವ ಎಲ್ಲವೂ ಆ ಕಾಲದವಲ್ಲ. ಕೆಲವು ಅದಕ್ಕೂ ಹಳೆಯವು. ಪ್ರತಿಯೊಂದರ ಮೇಲಿನ ಇಸವಿಯನ್ನು ಓದಿಯೇ ನಿರ್ಧರಿಸಬೇಕು. ಸರಕಾರಿ ವರದಿಗಳು ಸಾವುಗಳನ್ನು ಎಣಿಸಿದವು. ಕೇರಿಯ ಜನ ಆ ದಿನಗಳನ್ನು ಹೇಗೆ ಎದುರಿಸಿದರೆಂಬುದಕ್ಕೆ ಈ ಕಲ್ಲುಗಳೇ ದಾಖಲೆ. ರಸ್ತೆ ಅಗಲಿಸುವವರೂ ಇದನ್ನು ನೆನಪಿಡಬೇಕು.

ನಂತರ
ಪರೇಲಿನ ಪ್ರಯೋಗಾಲಯ 1906ರಲ್ಲಿ ಮುಂಬಯಿ ಬ್ಯಾಕ್ಟೀರಿಯಾಲಜಿ ಪ್ರಯೋಗಾಲಯವಾಯಿತು. 1925ರಲ್ಲಿ ಅದಕ್ಕೆ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಡಲಾಯಿತು. ಹಾಫ್ಕಿನ್ 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡ.