ದಾರಿ ಸವೆದ ಬಗೆ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದರೆ ಅಶೋಕನ ಶಾಸನದ ಬಂಡೆ ಸಿಗುತ್ತದೆ. ಜಾತ್ರೆಯಲ್ಲಿ ಬಳೆ ಮಾರುವವರು ಅದರ ಮೇಲೆಯೇ ಅಂಗಡಿ ಹಾಕುತ್ತಿದ್ದರಂತೆ. ಹಾಗಾಗಿ ಅದು ಬಳೆಗಾರರ ಗುಂಡು. ಅಕ್ಷರಗಳು ಬಹುಪಾಲು ಸವೆದಿವೆ. ಅದೇ ಒಕ್ಕಣೆ ಪಕ್ಕದ ಬ್ರಹ್ಮಗಿರಿಯಲ್ಲಿ ಇನ್ನೂ ಓದಲು ಸಿಗುತ್ತದೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ರಾಜಾಜ್ಞೆಯಲ್ಲಿ 256 ಎಂಬ ಅಂಕಿಯಿದೆ. ಅವು ಪ್ರವಾಸದಲ್ಲಿ ಕಳೆದ ರಾತ್ರಿಗಳು ಎಂದು ಹಲವು ವಿದ್ವಾಂಸರು ಅರ್ಥ ಹೇಳಿದ್ದಾರೆ. ನನಗೂ ಅದೇ ಹಿಡಿಸುತ್ತದೆ. ನಡೆದು ಬಲ್ಲವನು ದಾರಿಯನ್ನು ಗಾವುದದಲ್ಲಿ ಅಳೆಯುವುದಕ್ಕಿಂತ ಹೆಚ್ಚಾಗಿ ತಂಗಿದ ರಾತ್ರಿಗಳಲ್ಲಿ ಎಣಿಸುತ್ತಾನೆ.

ವಿಮಾನ ಬಂದ ಮೇಲೂ ಈ ಎಣಿಕೆ ಕೂಡಲೇ ಹೋಗಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ಟಪಾಲು ಹಾರಿಸಿ ತಂದರು. ಅಲ್ಲಿಂದ ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಇರುಳಿನಲ್ಲಿ ಹಾರುವ ಸೌಕರ್ಯವಿರಲಿಲ್ಲ. ನಡುದಾರಿಯಲ್ಲಿ ಬಳ್ಳಾರಿಯಲ್ಲಿ ಉಳಿದರು. ಮೊಳಕಾಲ್ಮೂರಿನ ನೆರೆಯಲ್ಲೇ ವಿಮಾನವೂ ಒಂದು ರಾತ್ರಿ ತಂಗಿತು!

1948ರ ಜೂನ್ 8ರಂದು ಮುಂಬೈ ಬಿಟ್ಟ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಕೈರೋ, ಜಿನೀವಾಗಳಲ್ಲಿ ಇಳಿದೆದ್ದು ಲಂಡನ್ ಸೇರಿತು. 1960ರಲ್ಲಿ ಬೋಯಿಂಗ್ 707 ಬಂತು. ಜೆಟ್‌ನ ವೇಗ ಆಗಲೇ ಗಂಟೆಗೆ 900 ಕಿ.ಮೀ. ಆಸುಪಾಸು, ಇವತ್ತಿಗೂ ಹೆಚ್ಚುಕಮ್ಮಿ ಅಷ್ಟೇ. ಶಬ್ದವನ್ನು ಮೀರಿದ ಕಾಂಕಾರ್ಡ್ 2003ಕ್ಕೆ ಮನೆ ಸೇರಿತು. ಅಂದಮೇಲೆ ಆರು ದಶಕಗಳಲ್ಲಿ ನಮಗೆ ಉಳಿದ ಹೊತ್ತೆಲ್ಲ ವೇಗದ ಕೊಡುಗೆಯಲ್ಲ. ನಿಲುಗಡೆಗಳು ಒಂದೊಂದಾಗಿ ಕಳಚಿಬಿದ್ದವು, ಅಷ್ಟೇ.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ವಿಮಾನ ತಂದರು. ಸುಮಾರು 14,000 ಕಿ.ಮೀ., ಹದಿನೇಳು ಗಂಟೆ, ಉತ್ತರ ಧ್ರುವದ ಮೇಲಿಂದ. ಗೋಡೆಯ ನಕ್ಷೆ ನೋಡಿದರೆ ಇದು ಸುತ್ತುದಾರಿ. ಮಕ್ಕಳ ಭೂಗೋಳದ ಮೇಲೆ ಎರಡು ಊರಿನ ನಡುವೆ ನೂಲು ಬಿಗಿದು ನೋಡಿ, ಅದು ತಾನಾಗಿ ಬಡಗಣಕ್ಕೆ ಜರುಗುತ್ತದೆ. ದೂರ ಒಂದೇ ಆದರೂ ಹೋಗುವ ಹೊತ್ತು, ಬರುವ ಹೊತ್ತು ಒಂದೇ ಅಲ್ಲ. ಮೇಲೆ ಪಡುವಣದಿಂದ ಬೀಸುವ ಗಾಳಿ ಪೂರ್ವಕ್ಕೆ ಹೊರಟವರನ್ನು ತಳ್ಳುತ್ತದೆ, ಎದುರಾದವರನ್ನು ತಡೆಯುತ್ತದೆ.

ರಾವಣನನ್ನು ಆಕಾಶದಲ್ಲಿ ಅಡ್ಡಗಟ್ಟಿದ ಜಟಾಯು ಬಿದ್ದದ್ದು ಜಟಿಂಗ ರಾಮೇಶ್ವರದಲ್ಲೇ ಎನ್ನುತ್ತದೆ ಸ್ಥಳಪುರಾಣ. ಇಲ್ಲಿಂದ ಬಹುದೂರವಲ್ಲದ ಚಳ್ಳಕೆರೆಯ ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆಯಿದೆ. 2024ರ ಜೂನ್ 23ರಂದು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರದಿಂದ ಕೈಬಿಟ್ಟ ಇಸ್ರೋದ ವಾಹನ, ಪೈಲಟ್ ಇಲ್ಲದೆ, ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ಅಲ್ಲಿ ನೆಲ ಮುಟ್ಟಿತು. ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬರುವ ವಾಹನಕ್ಕೆ ಅದು ತಾಲೀಮು. ಹೆಸರು ಪುಷ್ಪಕ್.

ಆ ರನ್‌ವೇ ಪ್ರಯಾಣಿಕರದ್ದಲ್ಲ. ಮೊಳಕಾಲ್ಮೂರಿನಿಂದ ಅಮೆರಿಕದ ಮಗಳ ಮನೆಗೆ ಹೊರಟ ಅಪ್ಪ ಅಮ್ಮ ಬಸ್ಸು ಹತ್ತಬೇಕು, ಬೆಂಗಳೂರಿನಲ್ಲಿಳಿದು ದೇವನಹಳ್ಳಿಗೆ ಹೋಗಬೇಕು, ಮೂರು ಗಂಟೆ ಮುಂಚೆ ಅಲ್ಲಿರಬೇಕು. ಹಾಗಾಗಿ ಹಿಂದಿನ ದಿನವೇ ಹೊರಟು ಒಂದು ರಾತ್ರಿ ಬೆಂಗಳೂರಿನ ನೆಂಟರ ಮನೆಯಲ್ಲಿ ತಂಗುತ್ತಾರೆ.