ಕಾರ್ಟೀಸಿಯಸ್ ಎಂಬ ಹೆಸರು

ಸ್ವೀಡನ್ನಿನ ಸಿಂಹಾಸನದಲ್ಲಿ ತರುಣಿ ರಾಣಿ ಕ್ರಿಸ್ಟೀನಾ ಕುಳಿತಿದ್ದ ಕಾಲವದು. ದರ್ಶನಶಾಸ್ತ್ರದ ಪಾಠಕ್ಕೆ ಆಕೆ ಗೊತ್ತುಪಡಿಸಿದ ವೇಳೆ ಬೆಳಗಿನ ಐದು ಗಂಟೆ. ಹೊತ್ತೇರುವವರೆಗೂ ಹಾಸಿಗೆಯಲ್ಲೇ ಚಿಂತಿಸುವ ರೂಢಿಯಿದ್ದ ಆಕೆಯ ಗುರು, ಫ್ರೆಂಚ್ ದಾರ್ಶನಿಕ ರೆನೆ ಡೆಕಾರ್ಟನಿಗೆ ಆ ಚಳಿಗಾಲವೇ ಕಡೆಯದಾಯಿತು. 1650ರ ಫೆಬ್ರವರಿ 11ರಂದು, 53ನೆಯ ವಯಸ್ಸಿನಲ್ಲಿ, ಆತನು ಸ್ಟಾಕ್‌ಹೋಮಿನಲ್ಲಿ ಕಾಲವಾದನು.

ಅಂದಿನ ಪಂಡಿತರು ಲ್ಯಾಟಿನ್ನಿನಲ್ಲಿ ಬರೆಯುವಾಗ ಹೆಸರಿಗೂ ಲ್ಯಾಟಿನ್ ಉಡುಪು ತೊಡಿಸುತ್ತಿದ್ದರು. ಹಾಗೆ ಡೆಕಾರ್ಟ್ ಕಾರ್ಟೀಸಿಯಸ್ ಆದನು. ಆತನ ಮತ ಹಿಡಿದವರು ಕಾರ್ಟೀಸಿಯನ್ನರಾದರು. ಆ ಹೆಸರು ಹೊತ್ತು ತಿರುಗುವುದು ಕ್ಷೇಮಕರವೇನೂ ಆಗಿರಲಿಲ್ಲ. 1633ರಲ್ಲಿ ಗೆಲಿಲಿಯೋಗೆ ಶಿಕ್ಷೆಯಾದ ಸುದ್ದಿ ಕೇಳಿ ತನ್ನ ವಿಶ್ವವಿಚಾರದ ಗ್ರಂಥವನ್ನೇ ಅಚ್ಚಿಗೆ ಕೊಡದೆ ಉಳಿಸಿಕೊಂಡ ಎಚ್ಚರಗಾರ ಡೆಕಾರ್ಟ್. ಎಚ್ಚರ ಫಲಿಸಲಿಲ್ಲ. 1642ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾಲಯ ಆತನ ಹೊಸ ದರ್ಶನವನ್ನು ಖಂಡಿಸಿತು. 1663ರಲ್ಲಿ ರೋಮ್ ಆತನ ಕೃತಿಗಳನ್ನು ನಿಷಿದ್ಧ ಪಟ್ಟಿಗೆ ಸೇರಿಸಿತು. 1671ರಲ್ಲಿ 14ನೆಯ ಲೂಯಿ ದೊರೆ ಪ್ಯಾರಿಸ್ಸಿನಲ್ಲಿ ಆ ದರ್ಶನದ ಬೋಧನೆಗೆ ತಡೆಯೊಡ್ಡಿದನು. ಅದೇ ಫ್ರಾನ್ಸಿನಲ್ಲಿ ಇಂದು ಕಾರ್ಟೀಸಿಯನ್ ಬುದ್ಧಿ ಎಂದರೆ ಅಡಿ ತಪ್ಪದ ತರ್ಕವುಳ್ಳ ಬುದ್ಧಿ, ಬಹುಮಟ್ಟಿಗೆ ಹೊಗಳಿಕೆಯೇ. ಆತನು ಹುಟ್ಟಿದ ಲಾ ಹೇ ಎಂಬ ಊರು 1967ರಿಂದ ಡೆಕಾರ್ಟ್ ಎಂದೇ ಕರೆಸಿಕೊಳ್ಳುತ್ತಿದೆ.

ನಮ್ಮ ಶಾಲಾಮಕ್ಕಳಿಗೆ ಈ ಹೆಸರು ಸಿಗುವುದು ಗಣಿತದಲ್ಲಿ, ಕಾರ್ಟೀಸಿಯನ್ ನಿರ್ದೇಶಾಂಕಗಳಾಗಿ. ಆದರೆ 1637ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಆತನ 'ಜ್ಯಾಮಿತಿ'ಯಲ್ಲಿ ಲಂಬವಾಗಿ ಸಂಧಿಸುವ ಎಕ್ಸ್, ವೈ ಅಕ್ಷಗಳ ಜೋಡಿ ಇಂದಿನ ರೂಪದಲ್ಲಿಲ್ಲ. ವಕ್ರರೇಖೆಯನ್ನು ಸಮೀಕರಣಕ್ಕೆ ಇಳಿಸುವ ಹೊಳಹು ಆತನದು; ಚೌಕಟ್ಟನ್ನು ಓರಣಗೊಳಿಸಿದವರು ಅನಂತರ ಬಂದವರು.

ಹೆಸರಿಗೆ ದೊಡ್ಡ ಅಪವಾದ ತಂದದ್ದು ಕಾರ್ಟೀಸಿಯನ್ ದ್ವೈತ. ಮಧ್ವಾಚಾರ್ಯರ ದ್ವೈತದ ಭೇದ ಜೀವೇಶ್ವರರದ್ದು. ಇಲ್ಲಿಯದು ಮನಸ್ಸು ದೇಹಗಳದ್ದು. 1949ರಲ್ಲಿ ದಾರ್ಶನಿಕ ಗಿಲ್ಬರ್ಟ್ ರೈಲ್ ಇದನ್ನು ಯಂತ್ರದೊಳಗಿನ ಭೂತವೆಂದು ಹಂಗಿಸಿದನು. ಅಂದಿನಿಂದ ಮನಸ್ಸನ್ನು ದೇಹದಿಂದ ಬೇರೆ ಮಾಡುವ ಯಾವ ತಪ್ಪಿಗೂ ಕಾರ್ಟೀಸಿಯನ್ ಎಂಬ ಹೆಸರು ಹಚ್ಚುವುದು ವಾಡಿಕೆಯಾಗಿದೆ. ನನಗಿದು ಪೂರ್ಣ ನ್ಯಾಯವೆನಿಸದು. 1643ರಲ್ಲಿ ಬೊಹೀಮಿಯದ ರಾಜಕುಮಾರಿ ಎಲಿಜಬೆತ್ ಪತ್ರ ಬರೆದು, ಕೇವಲ ಚಿಂತಿಸುವ ಆತ್ಮವು ದೇಹವನ್ನು ಚಲಿಸುವಂತೆ ಮಾಡುವುದು ಹೇಗೆಂದು ಕೇಳಿದಳು. ಅವೆರಡರ ಐಕ್ಯ ತತ್ತ್ವಚಿಂತನೆಗೆ ಎಟುಕದು, ದಿನದಿನದ ಬದುಕಿನಲ್ಲಿ, ಸಾಮಾನ್ಯ ಮಾತುಕತೆಯಲ್ಲಿ ತಿಳಿಯುತ್ತದೆ ಎಂದು ಡೆಕಾರ್ಟ್ ಉತ್ತರಿಸಿದನು. ಐಕ್ಯವನ್ನು ಒಪ್ಪಿದವನೇ ಆತ. ಎಲಿಜಬೆತ್ ಮಾತ್ರ ಬಿಡಲಿಲ್ಲ: ಆತ್ಮ ದೇಹವನ್ನು ನಡೆಸುತ್ತದೆಂದು ಇಂದ್ರಿಯಗಳು ತೋರಿಸುತ್ತವೆ, ಹೇಗೆ ನಡೆಸುತ್ತದೆಂದು ತೋರಿಸುವುದಿಲ್ಲವಲ್ಲ ಎಂದು ಮರುಪತ್ರ ಬರೆದಳು.